ತಿರುಗೋದಕ್ಕೂ ಬೆಲೆ ಇರಬೇಕು

ಹಾಸನದಲ್ಲಿ ಮಿನಿಯೇಚರ್ ಯುದ್ಧದಾಟ (ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆಗಳ ಯುದ್ಧ) ಆಡುವ ನಮ್ಮ ಗೆಳೆಯರ ನಡುವೆ ಈಗ ಒಂದು ವಾದ ಜೋರಾಗಿದೆ. ಯುನಿಟ್ (ಒಟ್ಟಿಗೆ ಚಲಿಸುವ ಗೊಂಬೆಗಳ ತುಕಡಿ) ಯಾವ ಕಡೆ ಮುಖ ಮಾಡಿದೆ, ಎಷ್ಟು ಸಾಲಾಗಿ ನಿಂತಿದೆ ಅನ್ನೋ ನಿಯಮಗಳೆಲ್ಲ ಬೇಡ, ಸುಮ್ನೆ ಆಟ ನಿಧಾನ ಆಗುತ್ತೆ ಅಂತ. ನಾನು ಒಪ್ಪುವುದಿಲ್ಲ. ದೊಡ್ಡ ಸೈನ್ಯಗಳ ಆಟದಲ್ಲಿ ತಲೆ ಓಡಿಸುವ ಜಾಗವೇ ಅದು.

ಆಗಸ್ಟ್ 15ಕ್ಕೆ ಜಿಲ್ಲಾ ಕ್ರೀಡಾಂಗಣದ ಪಥಸಂಚಲನ ನೋಡಿ. ತುಕಡಿ ತಿರುಗುವಾಗ ಒಳಗಿನವರು ನಿಂತಲ್ಲೇ ಹೆಜ್ಜೆ ಹಾಕುತ್ತಾರೆ, ಹೊರಗಿನವರು ಉದ್ದುದ್ದ ಕಾಲು ಹಾಕುತ್ತಾರೆ. ಹಳೆಯ ವಾರ್‌ಹ್ಯಾಮರ್ ಅನ್ನೋ ಯುದ್ಧದಾಟದಲ್ಲಿ ‘ವೀಲ್’ ಅಂದರೆ ಇದೇ. ಮುಂದಿನ ಒಂದು ಮೂಲೆ ಕದಲುವುದಿಲ್ಲ. ಇನ್ನೊಂದು ಮೂಲೆ ಸಾಗಿದ ದೂರ ನಿಮ್ಮ ನಡಿಗೆಯಲ್ಲಿ ಕಳೆಯುತ್ತದೆ. 20 ಮಿಲಿಮೀಟರ್ ಅಗಲದ ಬೇಸ್ (ಗೊಂಬೆಯ ಕಾಲಡಿಯ ತಟ್ಟೆ) ಇರುವ 5 ಜನ ಒಂದು ಸಾಲಿಗೆ ನಿಂತರೆ ಅಗಲ 10 ಸೆಂಟಿಮೀಟರ್. ಅದು ಕಾಲು ಸುತ್ತು ತಿರುಗಲು ಹೊರಮೂಲೆ 6 ಇಂಚಿಗಿಂತ ಜಾಸ್ತಿ ಸಾಗಬೇಕು. ಮನುಷ್ಯ ಕಾಲಾಳಿಗೆ ಒಂದು ಸರದಿಯಲ್ಲಿ ಮಾಮೂಲಿ ನಡಿಗೆ 4 ಇಂಚು! ಸಾಲಿಗೆ 10 ಜನ ಮಾಡಿದರೆ ಹೊಡೆಯುವ ಕೈ ಹೆಚ್ಚು, ಆದರೆ ತಿರುಗುವ ದೂರ ಎರಡರಷ್ಟು. ಆಳವಾಗಿ ನಿಲ್ಲಿಸಿದರೆ ಬೇಗ ತಿರುಗಬಹುದು, ಹಿಂದಿನ ಸಾಲುಗಳ ಬಲವೂ ಸಿಗುತ್ತೆ, ಮುಂದೆ ಹೊಡೆಯುವವರು ಕಡಿಮೆ. ಮೊದಲ ದಾಳ ಬೀಳುವ ಮೊದಲೇ ಇಷ್ಟೊಂದು ಯೋಚನೆ ಇದೆ. ಇದನ್ನು ಬಿಟ್ಟುಕೊಡಬೇಕಾ?

ಪಕ್ಕ ಯಾವುದು, ಹಿಂದೆ ಯಾವುದು ಅಂತ ಜಗಳ ಆಗುತ್ತೆ ಅನ್ನೋದು ನಿಜ. ಆದರೆ ಅದಕ್ಕೆ ದಾರಿ ಇದೆ. ಕಿಂಗ್ಸ್ ಆಫ್ ವಾರ್ ಆಟದಲ್ಲಿ, ಚಾರ್ಜ್ (ಶತ್ರುವಿನ ಮೇಲೆ ನುಗ್ಗುವುದು) ಶುರುವಾಗುವಾಗ ನುಗ್ಗುವ ಯುನಿಟ್‌ನ ಮುಂಭಾಗದ ನಡುಬಿಂದು ಶತ್ರು ಯುನಿಟ್‌ನ ಯಾವ ಕಡೆ ಇತ್ತು ಅಂತ ನೋಡಿದರೆ ಸಾಕು. ಪಕ್ಕದಿಂದ ನುಗ್ಗಿದರೆ ಹೊಡೆತ ಎರಡರಷ್ಟು, ಬೆನ್ನಿಗೆ ನುಗ್ಗಿದರೆ ಮೂರರಷ್ಟು. ಎಷ್ಟು ಸರಳ ಅಲ್ವಾ?

ಹಳೇಬೀಡು ನಮಗೆ ಹತ್ತಿರವೇ ಇದೆ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಚಕ್ರವ್ಯೂಹದ ಕೆತ್ತನೆ ಇದೆ, ಸುತ್ತು ಸುತ್ತಾಗಿ ಸೈನಿಕರು. ಅಭಿಮನ್ಯುವಿಗೆ ಶೌರ್ಯ ಕಡಿಮೆ ಇತ್ತಾ? ಇಲ್ಲ. ಒಳಗೆ ಹೋದ ಮೇಲೆ ಅವನಿಗೆ ಎಲ್ಲ ಕಡೆಯೂ ಶತ್ರುವೇ, ಬೆನ್ನು ಕಾಯುವವರು ಯಾರೂ ಇಲ್ಲ. ಬೆನ್ನು ಅನ್ನೋದೇ ಇಲ್ಲದ ನಿಯಮದಲ್ಲಿ ಆ ವ್ಯೂಹಕ್ಕೆ ಅರ್ಥವೇ ಇರುವುದಿಲ್ಲ.

ಹತ್ತು ಹನ್ನೆರಡು ಗೊಂಬೆಗಳ ಸಣ್ಣ ಚಕಮಕಿ ಆಟಕ್ಕೆ ಇದೆಲ್ಲ ಬೇಡ, ಸರಿ. ಬಿಡಿಯಾಗಿ ನಿಂತವನು ಕ್ಷಣದಲ್ಲಿ ತಿರುಗುತ್ತಾನೆ. ಆದರೆ 2017ರಲ್ಲಿ ವಾರ್‌ಹ್ಯಾಮರ್‌ನ ಭವಿಷ್ಯದ ಕಾಲದ ಆಟ ವಾರ್‌ಹ್ಯಾಮರ್ 40,000 ತನ್ನ 8ನೇ ಆವೃತ್ತಿಯಲ್ಲಿ ಟ್ಯಾಂಕಿನ ಹಿಂಬದಿಗೂ ಮುಂಬದಿಗೂ ವ್ಯತ್ಯಾಸ ಇಲ್ಲ ಅಂದಾಗ ನನಗೆ ನಿಜಕ್ಕೂ ಬೇಜಾರಾಯಿತು. ಅದಕ್ಕೂ ಮೊದಲು, 2015ರಲ್ಲಿ, ಹಳೆಯ ವಾರ್‌ಹ್ಯಾಮರ್ ಜಾಗಕ್ಕೆ ಏಜ್ ಆಫ್ ಸಿಗ್ಮಾರ್ ಬಂದು ಸಾಲುಗಟ್ಟಿ ನಿಲ್ಲುವುದೇ ಹೋಯಿತು. 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಅನ್ನೋ ಹೊಸ ವಾರ್‌ಹ್ಯಾಮರ್ ಆಟ, ಸಾಲಾಗಿ ಜೋಡಿಸುವ ಚೌಕ ಬೇಸ್‌ಗಳನ್ನು ವಾಪಸ್ ತಂದಿತು. ಸಾಲುಗಳನ್ನು ಪ್ರೀತಿಸುವವರು ಎಲ್ಲೂ ಹೋಗಿರಲಿಲ್ಲ.

ಹೊಸಬರಿಗೆ ಕಷ್ಟ ಅಂತೀರಾ? ಒಬ್ಬೊಬ್ಬರ ಕಡೆಗೂ ಎರಡೆರಡೇ ಯುನಿಟ್ ಇಟ್ಟು ಆಡೋಣ. ದುಂಡು ಬೇಸ್ ಇದ್ದರೂ ಪರವಾಗಿಲ್ಲ, ರಟ್ಟಿನ ಟ್ರೇ ಮೇಲೆ ಸಾಲಾಗಿ ನಿಲ್ಲಿಸಿ. ಮುಂದೆ, ಪಕ್ಕ, ಹಿಂದೆ ಯಾವುದು ಅಂತ ನೋಡಲು ಯುನಿಟ್‌ನ ಮೂಲೆಯಿಂದ 45 ಡಿಗ್ರಿಗೆ ಹಿಡಿಯುವ ಒಂದು ತ್ರಿಕೋನವೂ ಬೇಕು. ಟ್ರೇ, ತ್ರಿಕೋನ ಎರಡನ್ನೂ ನಾನೇ ಕತ್ತರಿಸಿ ತರುತ್ತೇನೆ. ಯಾರು ಬರುತ್ತೀರಿ ಹೇಳಿ.