"ನಾನ್ಯಾರು ಹೇಳಿ ನೋಡೋಣ" ಪರೀಕ್ಷೆ ಬೇಡ

ಸ್ಟ್ರೋಕ್ ಆದವರ ಮಂಚದ ಪಕ್ಕ ನಿಂತು "ನಾನ್ಯಾರು ಹೇಳಿ ನೋಡೋಣ" ಅನ್ನೋದನ್ನು ದಯವಿಟ್ಟು ಬಿಡಿ. ಉತ್ತರ ನಿಮ್ಮ ದನಿಯಲ್ಲೇ ಇರುತ್ತದೆ. ಮುಖ ಗುರುತಿಸಲಾಗದವರೂ ದನಿ ಹಿಡಿದು ಹೆಸರು ಹೇಳಿಬಿಡುತ್ತಾರೆ, ಮನೆಯವರು "ಎಲ್ಲಾ ಸರಿಯಿದೆ" ಅಂದುಕೊಳ್ಳುತ್ತಾರೆ.

ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಎಷ್ಟೋ ಸಲ ಕೈಕಾಲು ಬೀಳುವುದಿಲ್ಲ, ಮಾತೂ ತೊದಲುವುದಿಲ್ಲ. ಕಣ್ಣಿನ ಚಾರ್ಟಿನಲ್ಲಿ ದೃಷ್ಟಿ ಚೆನ್ನಾಗಿಯೇ ಬರಬಹುದು. ಆದರೆ ಕಂಡದ್ದು ಏನು ಅನ್ನುವುದು ಹೊಳೆಯುವುದಿಲ್ಲ. ಇದೇ ವಿಷುಯಲ್ ಅಗ್ನೋಸಿಯಾ. ಕನ್ನಡಕ ಬದಲಿಸಿದರೆ ದುಡ್ಡು ದಂಡ, ಅಷ್ಟೇ.

ಸರಿಯಾಗಿ ನೋಡಬೇಕೆಂದರೆ ಹಗಲು ಬೆಳಕಿನಲ್ಲಿ, ಕನ್ನಡಕ ಹಾಕಿಸಿ, ಚಮಚ, ಬಾಚಣಿಗೆ, ಬೀಗದ ಕೈಯಂಥ ಐದಾರು ವಸ್ತುಗಳನ್ನು ಒಂದೊಂದಾಗಿ ತೋರಿಸಿ. ಮುಟ್ಟಲು ಬಿಡಬೇಡಿ, ಕೀಗೊಂಚಲು ಅಲ್ಲಾಡಿಸಬೇಡಿ; ಸದ್ದೇ ಗುಟ್ಟು ಬಿಟ್ಟುಕೊಡುತ್ತದೆ. ಹೆಸರು ಬಾರದಿದ್ದರೆ ಬಳಸುವ ರೀತಿಯನ್ನು ಅಭಿನಯಿಸಲು ಹೇಳಿ. ಅಭಿನಯಿಸಿದರೆ ತೊಡಕು ಬಹುಶಃ ಪದದ್ದು, ಗುರುತಿನದ್ದಲ್ಲ. ಅದೂ ಆಗದಿದ್ದರೆ ಕಣ್ಣು ಮುಚ್ಚಿಸಿ ಕೈಗೆ ಕೊಡಿ. ಮುಟ್ಟಿದೊಡನೆ "ಓ, ಬಾಚಣಿಗೆ" ಅಂದರೆ ನರರೋಗ ವೈದ್ಯರಿಗೆ ಇಷ್ಟನ್ನೂ ಹಾಗೇ ಹೇಳಿ.

ವೈದ್ಯರು ಚಿತ್ರ ತೋರಿಸಿ ನಕಲು ಮಾಡಲು ಹೇಳುತ್ತಾರೆ. 1890ರಲ್ಲಿ ಜರ್ಮನ್ ವೈದ್ಯ ಲಿಸೌವರ್ ಈ ತೊಂದರೆಯನ್ನು ಎರಡು ಬಗೆಯಾಗಿ ಮಾಡಿದ ವಿಂಗಡಣೆ ಇಂದಿಗೂ ಉಪಯೋಗಕ್ಕಿದೆ: ಕೆಲವರಿಗೆ ಆಕಾರವೇ ಕೂಡಿಬರದು, ನಕಲು ಗೀಚಾಟವಾಗುತ್ತದೆ. ಕೆಲವರು ಬೀಗದ ಚಿತ್ರವನ್ನು ಚೆಂದವಾಗಿ ನಕಲು ಮಾಡಿ, ಅದು ಏನೆಂದು ಹೇಳಲಾರರು.

"ಲೋಟ ಗೊತ್ತಾಗಲ್ಲ ಅಂತಾರೆ, ಕೈ ಚಾಚಿ ಸರಿಯಾಗಿ ಹಿಡೀತಾರಲ್ಲ, ನಾಟಕ!" ಅನ್ನುವವರಿದ್ದಾರೆ. ನಾಟಕವಲ್ಲ. ಕಾರ್ಬನ್ ಮಾನಾಕ್ಸೈಡ್ ವಿಷದಿಂದ ಹೀಗಾದ ಮಹಿಳೆಯೊಬ್ಬರ ಬಗ್ಗೆ ಮಿದುಳು ಸಂಶೋಧಕರಾದ ಗುಡೇಲ್, ಮಿಲ್ನರ್ ತಂಡ 1991ರಲ್ಲಿ ಬರೆಯಿತು. ಎದುರಿನ ಸೀಳು ಅಡ್ಡವೋ ನೆಟ್ಟಗೋ ಆಕೆ ಹೇಳಲಾರರು, ಕಾರ್ಡು ಕೊಟ್ಟರೆ ಸಲೀಸಾಗಿ ಅದರೊಳಗೆ ತೂರಿಸುತ್ತಿದ್ದರು. ಕೈಯನ್ನು ನಡೆಸುವ ದಾರಿ ಮಿದುಳಿನ ಮೇಲ್ಭಾಗದ್ದು, ಗುರುತಿನ ದಾರಿ ಕೆಳಭಾಗದ್ದು.

ಇನ್ನೂ ವಿಚಿತ್ರ ಬೇಕೇ? 1892ರಲ್ಲಿ ಫ್ರೆಂಚ್ ನರರೋಗ ವೈದ್ಯ ಡೆಜೆರಿನ್ ವಿವರಿಸಿದ ರೋಗಿ ಬರೆಯಬಲ್ಲವರಾಗಿದ್ದರು, ತಾವೇ ಬರೆದದ್ದನ್ನು ಓದಲಾರದವರಾಗಿದ್ದರು.

ದಿಢೀರನೆ ಕಂಡದ್ದರ ಗುರುತು ಸಿಗದಂತಾದರೆ ನಾಳೆಗೆ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ತೊಂದರೆ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೇ ಗಡುವು. ಆಮೇಲಿನ ದಿನಗಳಲ್ಲಿ, ಕೋಣೆಗೆ ಕಾಲಿಟ್ಟೊಡನೆ ನೀವೇ ಹೆಸರು ಹೇಳಿ. ಬಾಚಣಿಗೆ, ಬ್ರಷ್ಷು ಇಟ್ಟ ಜಾಗ ಬದಲಿಸಬೇಡಿ. ಮಾತ್ರೆ ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಬೆರಳಿಗೆ ಸಿಗಲಿ. ಫಿನಾಯಿಲನ್ನು ಮಾತ್ರ ಅವರ ಕೈಗೆಟುಕದ ಕಡೆ ಬೀಗ ಹಾಕಿಡಿ. ನೀರಿನ ಬಾಟಲಿಗೆ ತುಂಬಿ ಬಚ್ಚಲಲ್ಲಿಡುವ ಅಭ್ಯಾಸ ನಮ್ಮಲ್ಲಿ ಬಹಳ.