ಹೊಸ ಔಷಧಿಯ ಪರೀಕ್ಷೆಗೆ ಇಲಿ ಬಿಟ್ಟು ಲ್ಯಾಬ್‌ನಲ್ಲಿ ಬೆಳೆಸಿದ ಹೃದಯದ ತುಣುಕನ್ನೇ ನಂಬಬಹುದಾ?

ಪರ: ಇಲಿಯ ಹೃದಯ ನಮ್ಮ ಹೃದಯ ಅಲ್ಲ

ಲ್ಯಾಬ್‌ನ ಪುಟ್ಟ ಇಲಿಯ ಹೃದಯ ನಿಮಿಷಕ್ಕೆ 500ಕ್ಕಿಂತ ಜಾಸ್ತಿ ಸಲ ಬಡಿಯುತ್ತದೆ. ನಮ್ಮದು 60ರಿಂದ 100. ವೇಗವೊಂದೇ ಬೇರೆಯಾಗಿದ್ದರೆ ಹೇಗೋ ಲೆಕ್ಕ ಹಾಕಬಹುದಿತ್ತು. ಆದರೆ ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ಸಜ್ಜಾಗುವ ರೀತಿಯೇ ಬೇರೆ. ನಮ್ಮಲ್ಲಿ ಆ ಕೆಲಸಕ್ಕೆ ಹೃದಯದ ಜೀವಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ಹರ್ಗ್ ಅನ್ನುವ ಕಿಂಡಿ ತುಂಬಾ ಮುಖ್ಯ, ಬೆಳೆದ ಇಲಿಗೆ ಅದು ಅಷ್ಟಾಗಿ ಬೇಕಿಲ್ಲ. ಹಾಗಾಗಿ ಈ ಕಿಂಡಿಯನ್ನು ಮುಚ್ಚುವ ಔಷಧಿ ಇಲಿಗೆ ಏನೂ ಮಾಡದಂತೆ ಕಾಣಬಹುದು, ಅದನ್ನೇ ನುಂಗಿದ ಮನುಷ್ಯನ ಮಿಡಿತ ತಾಳ ತಪ್ಪಿ ಪ್ರಾಣಕ್ಕೇ ಕುತ್ತು ಬರಬಹುದು.

2007ರಲ್ಲಿ ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ಅವರ ತಂಡ ಮನುಷ್ಯನ ಚರ್ಮದ ಜೀವಕೋಶವನ್ನು, ದೇಹದ ಯಾವ ಜೀವಕೋಶವಾಗಿ ಬೇಕಾದರೂ ಬೆಳೆಯಬಲ್ಲ ಸ್ಟೆಮ್ ಸೆಲ್ ಆಗಿ ಬದಲಾಯಿಸಿ ತೋರಿಸಿತು. ಈಗ ರೋಗಿಯ ಚರ್ಮ ಅಥವಾ ರಕ್ತದಿಂದಲೇ ಹೃದಯದ ಜೀವಕೋಶ ಬೆಳೆಸಬಹುದು, ಅವು ತಟ್ಟೆಯಲ್ಲಿ ತಾವಾಗಿಯೇ ಮಿಡಿಯುತ್ತವೆ.

ಇದರಿಂದ ಏನು ಉಪಯೋಗ ಅನ್ನುವವರು 2016ರ ಒಂದು ಸಂಶೋಧನೆ ನೋಡಬೇಕು. ಡಾಕ್ಸೊರುಬಿಸಿನ್ ಒಳ್ಳೆಯ ಕ್ಯಾನ್ಸರ್ ಔಷಧಿ, ಆದರೆ ಕೆಲವರ ಹೃದಯವನ್ನು ಕೆಡಿಸುತ್ತದೆ. ಸ್ತನ ಕ್ಯಾನ್ಸರ್‌ಗೆ ಅದನ್ನು ತೆಗೆದುಕೊಂಡು ಹೃದಯ ಕೆಟ್ಟವರಿಂದಲೂ, ಏನೂ ಆಗದವರಿಂದಲೂ ವಿಜ್ಞಾನಿಗಳು ಹೃದಯದ ಜೀವಕೋಶ ಬೆಳೆಸಿ ಆ ಔಷಧಿ ಹಾಕಿದರು. ಹೃದಯ ಕೆಟ್ಟವರ ಜೀವಕೋಶಗಳೇ ತಟ್ಟೆಯಲ್ಲೂ ಜಾಸ್ತಿ ಹಾಳಾದವು. ಯಾರಿಗೆ ಅಪಾಯ ಅಂತ ಯಾವ ಇಲಿ ಹೇಳೀತು? ಕ್ಯಾನ್ಸರ್ ಗೆದ್ದವರು ಆಮೇಲೆ ಹೃದಯ ಕಳೆದುಕೊಳ್ಳುವುದನ್ನು ತಡೆಯಲು ದಾರಿ ಇರುವಾಗ ಸುಮ್ನೆ ಕೂರಬಾರದು ಅಲ್ವಾ?

ವಿರೋಧ: ಹೃದಯ ಒಂಟಿಯಾಗಿ ಬದುಕುವುದಿಲ್ಲ

ತಟ್ಟೆಯಲ್ಲಿ ಮಿಡಿಯುವುದು ಮನುಷ್ಯನ ಹೃದಯವೇ, ಒಪ್ಪಿದೆ. ಆದರೆ ಎಷ್ಟು ವಯಸ್ಸಿನದು? ಅದು ಹೆಚ್ಚಾಗಿ ಹೊಟ್ಟೆಯೊಳಗಿನ ಮಗುವಿನ ಹೃದಯದ ಹಾಗಿರುತ್ತದೆ. ದೊಡ್ಡವರ ಹೃದಯ ಮುಖ್ಯವಾಗಿ ಕೊಬ್ಬು ಸುಟ್ಟು ಕೆಲಸ ಮಾಡಿದರೆ ಇದು ಸಕ್ಕರೆಯನ್ನೇ ನೆಚ್ಚಿಕೊಂಡಿರುತ್ತದೆ. ವಿದ್ಯುತ್ ಕೊಟ್ಟು, ಎಳೆದು ಹಿಡಿದು ಬಲಿಸುವ ಪ್ರಯತ್ನ ನಡೆದಿದೆ, ಫಲವೂ ಸಿಕ್ಕಿದೆ, ಆದರೂ ಅರವತ್ತರ ಹೃದಯಕ್ಕೆ ಅದು ಸಮ ಅಲ್ಲ. ರಕ್ತನಾಳ ಹರಿಯದ ತುಣುಕು ಕೆಲವೇ ಮಿಲಿಮೀಟರ್ ಬೆಳೆಯುವಷ್ಟರಲ್ಲಿ ಒಳಗೆ ಆಮ್ಲಜನಕ ಸಾಲದೆ ಸಾಯತೊಡಗುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ಟರ್ಫೆನಡೀನ್ ಅಂತ ಒಂದು ಅಲರ್ಜಿ ಮಾತ್ರೆ ಇತ್ತು. ಅದೂ ಹರ್ಗ್ ಕಿಂಡಿ ಮುಚ್ಚುವಂಥದ್ದೇ, ಆದರೆ ನುಂಗಿದ ತಕ್ಷಣ ಲಿವರ್ ಅದನ್ನು ನಿರಪಾಯದ ರೂಪಕ್ಕೆ ತರುತ್ತಿತ್ತು, ಹಾಗಾಗಿ ಹೆಚ್ಚಿನವರಿಗೆ ಏನೂ ಆಗುತ್ತಿರಲಿಲ್ಲ. ಜೊತೆಗೆ ಫಂಗಸ್‌ಗೆ ಕೊಡುವ ಕೀಟೋಕೊನಜೋಲ್ ತೆಗೆದುಕೊಂಡವರಲ್ಲಿ ಲಿವರ್‌ನ ಆ ಕೆಲಸ ನಿಂತು, ಮಾತ್ರೆ ಇದ್ದ ಹಾಗೇ ಹೃದಯ ತಲುಪಿತು. ಸಾವುಗಳಾದವು. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಅದನ್ನು ವಾಪಸ್ ಪಡೆದರು. ಬರೀ ಹೃದಯದ ತುಣುಕು ಇಲ್ಲಿ ಕಿಂಡಿ ಮುಚ್ಚುತ್ತದೆ ಅಂತಷ್ಟೇ ಹೇಳುತ್ತಿತ್ತು. ಯಾರಿಗೆ, ಯಾವ ಮಾತ್ರೆಯ ಜೊತೆ, ಎಷ್ಟು ರಕ್ತಕ್ಕೆ ಸೇರುತ್ತದೆ ಅನ್ನುವುದಕ್ಕೆ ಲಿವರ್ ಬೇಕು, ಕರುಳು ಬೇಕು, ಕಿಡ್ನಿ ಬೇಕು.

2022ರ ಡಿಸೆಂಬರ್‌ನಲ್ಲಿ ಅಮೆರಿಕ ಪ್ರಾಣಿ ಪರೀಕ್ಷೆ ಕಡ್ಡಾಯ ಅನ್ನುವುದನ್ನು ಕಾನೂನಿನಿಂದ ತೆಗೆಯಿತು. ಅದು ಸರಿಯೇ. ಕೆಟ್ಟ ಔಷಧಿಗಳನ್ನು ಮೊದಲೇ ಸೋಸಲು ಈ ತುಣುಕುಗಳನ್ನು ಧಾರಾಳವಾಗಿ ಬಳಸಲಿ. ಆದರೆ ತಟ್ಟೆಯಲ್ಲಿ ಪಾಸಾಯಿತು ಅಂತ ನೇರ ಮನುಷ್ಯನಿಗೆ ಕೊಡುವುದಾದರೆ, ಇಲಿಯ ಜಾಗಕ್ಕೆ ಬರುವುದು ತಟ್ಟೆಯಲ್ಲ, ಆ ಮೊದಲ ಮಾತ್ರೆ ನುಂಗುವ ಮನುಷ್ಯ.