ತಳಹದಿ ಭದ್ರವಾಗಿದೆ, ಗಾಬರಿಯಾಗಬೇಡಿ

‘ದೇಶದ ಆರ್ಥಿಕತೆಯ ತಳಹದಿ ಭದ್ರವಾಗಿದೆ, ಜನರು ಆತಂಕಪಡುವ ಅಗತ್ಯವಿಲ್ಲ’ ಎಂಬ ಹೇಳಿಕೆ ಪತ್ರಿಕೆಯಲ್ಲಿ ಮತ್ತೊಮ್ಮೆ ಅಚ್ಚಾಗಿದೆ. ಯಾವ ದೇಶದ ಯಾವ ಸಚಿವರು ಹೇಳಿದರೆಂದು ಓದುವ ಗೋಜಿಗೆ ನಾನು ಹೋಗಲಿಲ್ಲ; ಈ ವಾಕ್ಯಕ್ಕೆ ದೇಶವೂ ಇಲ್ಲ, ಪಕ್ಷವೂ ಇಲ್ಲ. ಎದ್ದು ಪಾಸ್‌ಬುಕ್ ಎಲ್ಲಿದೆಯೆಂದು ಹುಡುಕಿದೆ, ಅಷ್ಟೆ. ಸರ್ಕಾರ ತಾನಾಗಿಯೇ ಬಂದು ಸಮಾಧಾನ ಹೇಳುವವರೆಗೂ ನನಗೆ ಆತಂಕವೇನೂ ಇರಲಿಲ್ಲ.

ಈ ವಾಕ್ಯ ದೊಡ್ಡ ಮನೆತನದ್ದು. 1929ರ ಅಕ್ಟೋಬರ್ 24ರ ಗುರುವಾರ ನ್ಯೂಯಾರ್ಕಿನ ಷೇರುಪೇಟೆ ಮಗುಚಿಕೊಂಡಿತು. ಮರುದಿನವೇ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರು ದೇಶದ ಮೂಲಭೂತ ವ್ಯವಹಾರವು ಭದ್ರವೂ ಸಮೃದ್ಧವೂ ಆದ ನೆಲೆಯ ಮೇಲಿದೆ ಎಂದು ಅಭಯ ನೀಡಿದರು. 2008ರ ಸೆಪ್ಟೆಂಬರ್ 15ರಂದು, ಲೇಮನ್ ಬ್ರದರ್ಸ್ ಎಂಬ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿ ಅರ್ಜಿ ಹಾಕಿದ ದಿನವೇ, ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಜಾನ್ ಮೆಕೇನ್ ಅದೇ ಅಭಯವನ್ನು ಪುನರುಚ್ಚರಿಸಿದರು. ಸುಮಾರು ಎಂಬತ್ತು ವರ್ಷಗಳಲ್ಲಿ ಏನೆಲ್ಲ ಬದಲಾದರೂ ತಳಹದಿ ಮಾತ್ರ ಅಲುಗಲಿಲ್ಲ. ಇದರಲ್ಲಿ ಸುಳ್ಳೂ ಇಲ್ಲವೆನ್ನಿ. ಮನೆ ಕುಸಿದಾಗ ಗೋಡೆ ಬೀಳುತ್ತದೆ, ಸೂರು ಬೀಳುತ್ತದೆ, ಎರಡೂ ಸೇರಿ ಒಳಗಿದ್ದವರ ಮೇಲೆ ಬೀಳುತ್ತವೆ. ತಳಹದಿ ಬಿದ್ದದ್ದನ್ನು ಕಂಡವರು ಯಾರು? ಅದು ಮೊದಲೇ ನೆಲದೊಳಗಿದೆ.

ಆರ್ಥಿಕತೆ ಕೆಟ್ಟಾಗ ಸರ್ಕಾರಗಳು ಮೊದಲು ದುರಸ್ತಿಗೆ ತೆಗೆದುಕೊಳ್ಳುವುದು ನಿಘಂಟನ್ನು. ಅಮೆರಿಕದವರು ಹಿಂದೆ ಇಂಥದ್ದನ್ನು ‘ಪ್ಯಾನಿಕ್’ ಎಂದು ಕರೆಯುತ್ತಿದ್ದರು. 1873ರದ್ದು, 1893ರದ್ದು, 1907ರದ್ದು ಎಲ್ಲವೂ ಅದೇ ಹೆಸರಿನಲ್ಲಿ ಚರಿತ್ರೆ ಸೇರಿವೆ. ಆ ಪದ ಕೇಳಿದರೇ ಜನ ಬೆಚ್ಚುತ್ತಾರೆಂದು ಹೂವರ್ ಕಾಲದಲ್ಲಿ ‘ಡಿಪ್ರೆಶನ್’ ಚಲಾವಣೆಗೆ ಬಂತೆನ್ನುತ್ತಾರೆ, ರಸ್ತೆಯಲ್ಲಿ ಒಂದು ಸಣ್ಣ ತಗ್ಗು ಬಿದ್ದಿದೆ ಎಂಬಂತೆ. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬ ಆ ತಗ್ಗಿನೊಳಗಿದ್ದ. ಹೀಗೆ ಆ ಪದಕ್ಕೂ ಅಪಕೀರ್ತಿ ಅಂಟಿದ್ದರಿಂದ 1937ರಲ್ಲಿ ಮತ್ತೆ ಕುಸಿತ ಬಂದಾಗ ‘ರಿಸೆಶನ್’ ಎಂದರು. ಕನ್ನಡದ ಪತ್ರಿಕೆಗಳು ಅದನ್ನು ‘ಹಿಂಜರಿತ’ವೆಂದು ತಂದು ಇನ್ನಷ್ಟು ಸೌಮ್ಯಗೊಳಿಸಿದವು, ಓದಿದರೆ ಆರ್ಥಿಕತೆಯು ರಂಗಕ್ಕೆ ಬರಲು ನಾಚಿ ಪರದೆಯ ಹಿಂದೆ ನಿಂತ ಬಾಲನಟನಂತೆ ಕಾಣುತ್ತದೆ, ಯಾರಾದರೂ ಬೆನ್ನು ತಟ್ಟಿದರೆ ಸಾಕು, ಬಂದು ಕುಣಿದೀತು. ಹಿರಿಯರು ಬಳಸುತ್ತಿದ್ದ ‘ಮುಗ್ಗಟ್ಟು’ ಎಂಬ ಪದವನ್ನು ಉಚ್ಚರಿಸುವಾಗಲೇ ಉಸಿರು ಕಟ್ಟುತ್ತಿತ್ತು, ಅದಕ್ಕೇ ಇರಬೇಕು, ಮೂಲೆಗೆ ಸರಿಯಿತು. ಇನ್ನು ‘ಋಣಾತ್ಮಕ ಬೆಳವಣಿಗೆ’ಯನ್ನು ಕಂಡುಹಿಡಿದ ಮಹನೀಯರಿಗೆ ದೂರದಿಂದಲೇ ನಮಸ್ಕಾರ. ಬಾವಿಗೆ ಬಿದ್ದವನು ಋಣಾತ್ಮಕವಾಗಿ ಮೇಲೇರುತ್ತಿದ್ದಾನೆ.

ಈ ಹೆಸರಿಡುವ ಉದ್ಯೋಗದಲ್ಲಿ ನನಗೆ ಪ್ರಾಮಾಣಿಕನಾಗಿ ಕಂಡವರು ಒಬ್ಬರೇ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಹಣದುಬ್ಬರದ ವಿಷಯದಲ್ಲಿ ಸಲಹೆಗಾರರಾಗಿದ್ದ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಕಾನ್, ಬೆಲೆಗಳಿಗೆ ಕಡಿವಾಣ ಬೀಳದಿದ್ದರೆ ದೇಶ ಡಿಪ್ರೆಶನ್‌ಗೆ ಜಾರಬಹುದೆಂದು ಬಾಯಿತಪ್ಪಿ ನಿಜ ನುಡಿದುಬಿಟ್ಟರು. ಮೇಲಿನವರು ಗದರಿದರು. ಕಾನ್ ಅವರು ತಲೆಬಾಗಿ, ಇನ್ನು ಮುಂದೆ ಆ ಪದದ ಬದಲು ‘ಬಾಳೆಹಣ್ಣು’ ಎನ್ನುವುದಾಗಿ ತಿಳಿಸಿ, ನಲವತ್ತೈದು ವರ್ಷಗಳಲ್ಲೇ ಅತ್ಯಂತ ಕೆಟ್ಟ ಬಾಳೆಹಣ್ಣು ಎದುರಾಗುವ ಅಪಾಯವಿದೆ ಎಂದು ಗಂಭೀರವಾಗಿ ಎಚ್ಚರಿಸಿದರು. ಬಾಳೆಹಣ್ಣಿನ ಕಂಪನಿಯೊಂದರ ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ, ಆಕ್ಷೇಪಣೆ ಬಂತು. ಕಾನ್ ಕೂಡಲೇ ಕಿತ್ತಳೆ ಜಾತಿಯ ‘ಕುಮ್‌ಕ್ವಾಟ್’ ಎಂಬ ಪುಟ್ಟ ಹಣ್ಣಿಗೆ ಬದಲಾಯಿಸಿದರು. ಅದರ ಬೆಳೆಗಾರರಿಗೆ ಬಲವಾದ ಸಂಘವಿರಲಿಲ್ಲವೋ ಏನೋ, ಅಲ್ಲಿಗೆ ನಿಂತಿತು. ಆಡಳಿತದ ಸಮಸ್ತ ಶಬ್ದಸಂಪತ್ತನ್ನು ಒಂದು ಹಣ್ಣಿನಿಂದ ಬೆತ್ತಲೆಗೊಳಿಸಿದ ಈ ಮನುಷ್ಯನಿಗೆ ಅದೇ ಸರ್ಕಾರ ಸಂಬಳ ಕೊಡುತ್ತಿತ್ತೆಂಬುದು ಅಮೆರಿಕದ ಬಗ್ಗೆ ನನಗಿರುವ ಗೌರವದ ಕಾರಣಗಳಲ್ಲೊಂದು.

ಹೆಸರಿನಂತೆ ಮುಹೂರ್ತವೂ ಸರಿಯಾಗಿ ಕೂಡಿಬರಬೇಕು. ಹಿಂಜರಿತ ಯಾವಾಗ ಶುರುವಾಯಿತೆಂದು ಸಾರಲು ಅಲ್ಲಿ ಅರ್ಥಶಾಸ್ತ್ರಜ್ಞರ ಒಂದು ಸಮಿತಿಯೇ ಇದೆ. ಅದು 2008ರ ಡಿಸೆಂಬರ್ 1ರಂದು, ಹಿಂಜರಿತವು 2007ರ ಡಿಸೆಂಬರಿನಲ್ಲೇ ಆರಂಭವಾಗಿತ್ತೆಂದು ಘೋಷಿಸಿತು. ವೈದ್ಯರು ವರ್ಷದ ಮೇಲೆ ಬಂದು, ಹೋದ ವರ್ಷ ನಿಮಗೆ ಜ್ವರವಿತ್ತು ಎಂದು ಚೀಟಿ ಬರೆದುಕೊಟ್ಟಂತಾಯಿತು. ಅಂಕಿಅಂಶ ತಡವಾಗಿ ಕೈಸೇರುತ್ತದೆ, ಸಮಿತಿಯದೇನೂ ತಪ್ಪಿಲ್ಲ ಎಂದು ಬಲ್ಲವರು ಹೇಳುತ್ತಾರೆ, ಅದು ನಿಜವೂ ಹೌದು. ಆ ಒಂದು ವರ್ಷದಲ್ಲಿ ಕೆಲಸ ಕಳೆದುಕೊಂಡವರಿಗೆ ಮಾತ್ರ ಅಂಕಿಅಂಶ ಅದೇ ದಿನ ಕೈಸೇರಿತ್ತು.

ಹಾಗೆ ನೋಡಿದರೆ ಕುಸಿತದ ಒಳಗುಟ್ಟು ಅಷ್ಟೇನೂ ನಿಗೂಢವಲ್ಲ. ಒಬ್ಬನ ಖರ್ಚೇ ಇನ್ನೊಬ್ಬನ ಆದಾಯ. ಸಾಲದ ಬಲದಲ್ಲಿ ಏರಿದ ಬೆಲೆಗಳು ಇಳಿಯತೊಡಗಿದಾಗ ಸಾಲಗಾರ ಕೈ ಬಿಗಿಹಿಡಿಯುತ್ತಾನೆ, ವ್ಯಾಪಾರಿಯ ಗಲ್ಲಾಪೆಟ್ಟಿಗೆ ಸೊರಗುತ್ತದೆ, ಅವನು ಆಳನ್ನು ಬಿಡಿಸುತ್ತಾನೆ, ಆಳು ಸಾಲದ ಕಂತು ತಪ್ಪಿಸುತ್ತಾನೆ, ಬ್ಯಾಂಕು ಹೆದರಿ ಎಲ್ಲರಿಗೂ ಸಾಲ ನಿಲ್ಲಿಸುತ್ತದೆ. ಬೆಲೆ ಇಳಿದಷ್ಟೂ ಹಳೆಯ ಸಾಲದ ತೂಕ ಏರುತ್ತದೆ. ಎಲ್ಲರೂ ಒಟ್ಟಿಗೆ ಮಿತವ್ಯಯಿಗಳಾದ ಹೊತ್ತಿನಲ್ಲಿ ಕೈ ಬಿಚ್ಚಬಲ್ಲದ್ದು ಸರ್ಕಾರ ಮಾತ್ರ, ಮತ್ತು ಸರಿಯಾಗಿ ಅದೇ ಹೊತ್ತಿಗೆ ಸರ್ಕಾರಕ್ಕೂ ಮಿತವ್ಯಯದ ಜ್ಞಾನೋದಯವಾಗುತ್ತದೆ. ಬರಗಾಲದಲ್ಲಿ ಅಧಿಕಮಾಸವೆಂದರೆ ಇದೇ. ಜರ್ಮನಿಯ ಚಾನ್ಸಲರ್ ಹೈನ್ರಿಖ್ ಬ್ರೂನಿಂಗ್ 1931ರ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ ಕೂಲಿಯನ್ನು 1927ರ ಆರಂಭದ ಮಟ್ಟಕ್ಕೆ ಇಳಿಸಿದರು. ಎರಡೇ ತಿಂಗಳಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ದಾಟಿತ್ತು. ಜನ ಅವರನ್ನು ‘ಹಸಿವಿನ ಚಾನ್ಸಲರ್’ ಎಂದರು. ಅವರು ನಿರ್ಗಮಿಸಿದ ಎಂಟು ತಿಂಗಳಿಗೆ ಆ ಕುರ್ಚಿಯಲ್ಲಿ ಯಾರು ಬಂದು ಕುಳಿತರೆಂಬುದನ್ನು ನಾನು ಹೇಳಬೇಕಾಗಿಲ್ಲ. ಹೂವರ್ ಅವರ ಮುಂದೆ 1930ರಲ್ಲಿ ಆಮದು ಸುಂಕ ಏರಿಸುವ ಮಸೂದೆ ಬಂದಾಗ, ಸಹಿ ಹಾಕಬೇಡಿರೆಂದು 1,028 ಅರ್ಥಶಾಸ್ತ್ರಜ್ಞರು ಬೇಡಿಕೊಂಡರು. ಅರ್ಥಶಾಸ್ತ್ರಜ್ಞರು ಇಬ್ಬರು ಸೇರಿದರೆ ಮೂರು ಅಭಿಪ್ರಾಯವಿರುವ ಲೋಕದಲ್ಲಿ ಇದೊಂದು ಪವಾಡವೇ ಸರಿ. ಹೂವರ್ ಸಹಿ ಹಾಕಿದರು.

ಬ್ರೆಜಿಲ್ ಇನ್ನೂ ಮೂಲಕ್ಕೇ ಕೈ ಹಾಕಿತು. ಕಾಫಿಯ ಬೆಲೆ ನೆಲಕಚ್ಚಿದ್ದರಿಂದ, ಬೆಲೆ ಎತ್ತಲು ಕಾಫಿಯನ್ನೇ ಸುಡುವುದೆಂದು ಅಲ್ಲಿನ ಸರ್ಕಾರ ತೀರ್ಮಾನಿಸಿತು; 1931ರಿಂದ 1944ರವರೆಗೆ ಸುಮಾರು 7.8 ಕೋಟಿ ಚೀಲಗಳು ನಾಶವಾದವು. ರೈಲಿನ ಎಂಜಿನ್‌ಗಳಿಗೂ ಕಾಫಿಯನ್ನೇ ಉರುವಲಾಗಿ ಸುರಿದರು. ಹಸಿದವನೊಬ್ಬ ಹಳಿಯ ಪಕ್ಕ ನಿಂತು, ಒಂದು ಲೋಟಕ್ಕೆ ಗತಿಯಿಲ್ಲದ ಕಾಫಿಯ ಹೊಗೆಯನ್ನು ಪುಕ್ಕಟೆಯಾಗಿ ಮೂಸುವ ಅವಕಾಶ ಪಡೆದದ್ದನ್ನು ಕಲ್ಯಾಣ ಕಾರ್ಯಕ್ರಮದ ಲೆಕ್ಕಕ್ಕೆ ಸೇರಿಸಿದರೋ ಇಲ್ಲವೋ ಕಾಣೆ.

ಸರ್ಕಾರಗಳಿಗೆ ಕೈ ಬಿಚ್ಚಲು ಬರುವುದೇ ಇಲ್ಲವೆಂದರೆ ಅನ್ಯಾಯವಾದೀತು. 1932ರ ಜನವರಿಯಲ್ಲಿ ಹೂವರ್ ಅವರೇ ಬ್ಯಾಂಕುಗಳಿಗೂ ರೈಲ್ವೆ ಕಂಪನಿಗಳಿಗೂ ಸಾಲ ನೀಡಲೆಂದು ಒಂದು ನಿಗಮಕ್ಕೆ ಅಂಕಿತ ಹಾಕಿದರು. ಅದೇ ವರ್ಷದ ಜುಲೈನಲ್ಲಿ, ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದು ಕೆಲಸವಿಲ್ಲದೆ ಕುಳಿತ ಸೈನಿಕರು, 1945ಕ್ಕೆ ಸಿಗಬೇಕಾದ ತಮ್ಮ ಬೋನಸನ್ನು ಈಗಲೇ ಕೊಡಿರೆಂದು ರಾಜಧಾನಿಯಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಅವರನ್ನು ಎಬ್ಬಿಸಲು ಟ್ಯಾಂಕುಗಳು, ಅಶ್ರುವಾಯು ಮತ್ತು ಸ್ವಂತ ದೇಶದ ಸೇನೆ ಬಂತು. ಇದರ ಬಗ್ಗೆ ಹಾಸ್ಯ ಮಾಡಲು ಬಹಳ ಹೊತ್ತು ಪ್ರಯತ್ನಿಸಿದೆ, ಆಗಲಿಲ್ಲ. ಬ್ಯಾಂಕಿಗೆ ಕೊಟ್ಟರೆ ಅದು ವಿಶ್ವಾಸ ತುಂಬುವ ಕ್ರಮ, ಮನುಷ್ಯನಿಗೆ ಕೊಟ್ಟರೆ ಬೊಕ್ಕಸಕ್ಕೆ ಹೊರೆ. ತೊಂಬತ್ತು ವರ್ಷಗಳಿಂದ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ.

ಅರ್ಜೆಂಟೀನಾದಲ್ಲಿ 2001ರ ಡಿಸೆಂಬರಿನಲ್ಲಿ ಜನ ತಮ್ಮ ಖಾತೆಯಿಂದ ವಾರಕ್ಕೆ 250 ಪೆಸೊ ಮಾತ್ರ ನಗದು ತೆಗೆಯಬಹುದೆಂದು ಕಟ್ಟು ಮಾಡಿದರು. ಅದಕ್ಕೆ ಬಿದ್ದ ಹೆಸರು ‘ಕೊರಲಿಟೊ’, ಎಂದರೆ ಮಗುವನ್ನು ಆಡಲು ಕೂಡಿಹಾಕುವ ಕಟಾಂಜನ. ಅದೇ ತಿಂಗಳ 20ರಂದು ಅಧ್ಯಕ್ಷ ಫೆರ್ನಾಂಡೊ ದೆ ಲಾ ರುವಾ ರಾಜೀನಾಮೆ ಕೊಟ್ಟು ಸರ್ಕಾರಿ ಭವನದ ತಾರಸಿಯಿಂದ ಹೆಲಿಕಾಪ್ಟರ್ ಏರಿ ಹೊರಟುಹೋದರು. ಹೆಲಿಕಾಪ್ಟರಿಗೆ ವಾರದ ಮಿತಿ ಇರಲಿಲ್ಲ.

ಸಾಲದಲ್ಲಿ ಮುಳುಗಿದ ಗ್ರೀಸಿನಲ್ಲಿ, ಸಾಲದಾತರು ಹೇಳಿದ ಖರ್ಚು ಕಡಿತದ ಪಥ್ಯ ನಡೆಯುತ್ತಲೇ ಆರ್ಥಿಕತೆಯ ಕಾಲುಭಾಗ ಕರಗಿತು. ಸರ್ಕಾರಗಳು ಒಂದು ಯೂರೋ ಕಡಿತಗೊಳಿಸಿದರೆ ಉತ್ಪನ್ನ ಅರ್ಧ ಯೂರೋದಷ್ಟು ಇಳಿಯುತ್ತದೆಂದು ಮುನ್ಸೂಚಕರು ಲೆಕ್ಕ ಹಾಕಿಕೊಂಡಿದ್ದರೆಂದೂ, ವಾಸ್ತವದಲ್ಲಿ ಇಳಿತ 0.9ರಿಂದ 1.7 ಯೂರೋದಷ್ಟಿತ್ತೆಂದೂ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 2012ರಲ್ಲಿ ತಾನೇ ಬರೆದುಕೊಂಡಿತು. ಲೆಕ್ಕ ತಪ್ಪಿದ್ದಕ್ಕೆ ಯಾರ ಪಿಂಚಣಿಯೂ ವಾಪಸಾಗಲಿಲ್ಲ. ಮೂರು ಸಾಲದಾತರ ಕೂಟಕ್ಕಿದ್ದ ‘ಟ್ರೊಯ್ಕಾ’ ಎಂಬ ಹೆಸರು ಜನರಿಗೆ ಅಸಹ್ಯವಾದ್ದರಿಂದ 2015ರಲ್ಲಿ ಅದನ್ನು ‘ಸಂಸ್ಥೆಗಳು’ ಎಂದು ಬದಲಾಯಿಸಿದ್ದು ಮಾತ್ರ ಕೂಡಲೇ ಜಾರಿಗೆ ಬಂತು. ಆ ಬೇಸಿಗೆಯಲ್ಲಿ ಮೂರು ವಾರ ಬ್ಯಾಂಕುಗಳು ಮುಚ್ಚಿದವು. ಅದಕ್ಕೆ ಇಟ್ಟ ಹೆಸರು ‘ರಜೆ’. ಕಾರ್ಡು ಇದ್ದವರಿಗೆ ದಿನಕ್ಕೆ 60 ಯೂರೋ. ಕಾರ್ಡಿಲ್ಲದ ವೃದ್ಧರಿಗೆಂದು ಕೆಲವು ಶಾಖೆಗಳ ಬಾಗಿಲನ್ನು ಮೂರು ದಿನ ತೆರೆದು, ತಲಾ 120 ಯೂರೋವರೆಗೆ, ಹೆಸರಿನ ಮೊದಲ ಅಕ್ಷರದ ಸರದಿಯಂತೆ ಕೊಡಲಾಯಿತು. ಬೆಳಗಿನ ಜಾವದಿಂದ ಪಾಸ್‌ಬುಕ್ ಹಿಡಿದು ಗೋಡೆಗೊರಗಿ ನಿಂತಿದ್ದವರಲ್ಲಿ ಎಷ್ಟೋ ಜನರಿಗೆ ಬಾಗಿಲ ಬಳಿ ಬಂದ ಮೇಲೆಯೇ ಗೊತ್ತಾದದ್ದು, ಇವತ್ತು ತಮ್ಮ ಅಕ್ಷರವಲ್ಲ, ನಾಳೆ ಬರಬೇಕು ಎಂದು.